ಹೊಟ್ಟೆ ಮೇಲಿನ ಕಣ್ಣು

ಆ ಬೀದಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಯಾವತ್ತೋ ಸವೆದುಹೋಗಿತ್ತು. ಸ್ಟೂಲಿನ ಮೇಲೆ ಕೂತವರಿಗೆಲ್ಲ ‘ಅಲುಗಾಡಬೇಡಿ, ಅಲುಗಾಡಬೇಡಿ’ ಅಂತ ಹೇಳಿ ಹೇಳಿ ಅವನು ಎಲ್ಲರ ಬಾಯಲ್ಲೂ ಅಲುಗಾಡಬೇಡಿ ಮಾವ ಆಗಿಬಿಟ್ಟಿದ್ದ. ಹಾಗಾಗಿ ಅವನ ಹೆಂಡತಿ ಬೀದಿಗೆಲ್ಲ ಅತ್ತೆ. ನಿಜ ಹೇಳಬೇಕೆಂದರೆ ಸ್ಟುಡಿಯೋದ ಅರ್ಧ ಕೆಲಸ ಅತ್ತೆಯದೇ. ಅಳುವ ಮಕ್ಕಳನ್ನು ನಗಿಸುವುದು, ಹೊಸ ಗಂಡ ಹೆಂಡಿರ ಮಧ್ಯೆ ಬಿಟ್ಟಿರುವ ಒಂದು ಮೊಳ ಜಾಗ ಕಡಿಮೆ ಮಾಡುವುದು, ‘ಏನಪ್ಪಾ, ಹಲ್ಲುನೋವಾ?’ ಅಂತ ಬಿಗುಮುಖದ ಗುಮಾಸ್ತರನ್ನು ಛೇಡಿಸುವುದು, ಎಲ್ಲ ಅವಳ ಪಾಲಿಗೆ. ಮಾವ ಗುಂಡಿ ಒತ್ತುತ್ತಿದ್ದ, ಹೆಸರು ತಗೊಳ್ಳುತ್ತಿದ್ದ. ಲೋಕಾನೇ ಹೀಗೆ ಬಿಡಿ.

ಒಂದು ಬೆಳಿಗ್ಗೆ ಅತ್ತೆ ಬಾಯಿ ಮುಕ್ಕಳಿಸುವಾಗ ನೀರು ತುಟಿಯ ಎಡಗಡೆಯಿಂದ ತಾನೇ ತಾನಾಗಿ ಸೋರಿತು. ಕನ್ನಡಿಯಲ್ಲಿ ನೋಡಿಕೊಂಡರೆ ಅತ್ತೆಯ ಎಡಗೆನ್ನೆ ಜೋತುಬಿದ್ದಿತ್ತು. ಮುಖದ ನರ ಸೋತಿದೆ, ನಿಧಾನವಾಗಿ ಸರಿಹೋಗುತ್ತದೆ ಅಂದರು ಡಾಕ್ಟರು. ಮುಕ್ಕಾಲು ಪಾಲು ಸರಿಹೋಯಿತು ಕೂಡ. ಆದರೆ ಉಳಿದ ಕಾಲು ಪಾಲು ಅಲ್ಲೇ ನಿಂತುಬಿಟ್ಟಿತು: ತುಟಿಯ ಒಂದು ಕೊನೆ ಕೆಳಗೆ, ಒಂದು ಕಣ್ಣು ಚಿಕ್ಕದು. ಅವತ್ತಿನಿಂದ ಅತ್ತೆ ಮಹಡಿ ಇಳಿದು ಸ್ಟುಡಿಯೋಗೆ ಬರುವುದನ್ನೇ ಬಿಟ್ಟಳು. ಯಾರಾದರೂ ಎದುರಾದರೆ ಎಡಗೈ ಕೆನ್ನೆಗೆ ಹೋಗುತ್ತಿತ್ತು. ಮಾವ ಕ್ಯಾಮೆರಾ ಕಣ್ಣಿಗೆ ಎತ್ತಿದರಂತೂ ಎರಡೂ ಕೈ.

ಅಷ್ಟರಲ್ಲಿ ಮಗಳಿಗೆ ಮಗು ಹುಟ್ಟಿತು. ಪಕ್ಕದ ಬೀದಿಯಲ್ಲೇ ಇದ್ದ ಮಗಳು ದಿನಾ ಕೆಲಸಕ್ಕೆ ಹೋಗುವಾಗ ಅದನ್ನು ಅಜ್ಜಿಯ ಮಡಿಲಿಗೆ ಹಾಕಿ ಹೋಗುತ್ತಿದ್ದಳು. ಮೊಮ್ಮಗಳು ಬೋರಲು ಬಿದ್ದಿದ್ದಕ್ಕೆ ಫೋಟೋ, ಕೂತಿದ್ದಕ್ಕೆ ಫೋಟೋ, ಹಲ್ಲು ಬಂದಿದ್ದಕ್ಕೆ ಫೋಟೋ. ಎತ್ತಿ ಆಡಿಸಿದ ಅಜ್ಜಿ ಮಾತ್ರ ಒಂದರಲ್ಲೂ ಇಲ್ಲ. ದೀಪದ ಬುಡದಲ್ಲೇ ಕತ್ತಲು ಅನ್ನುವುದು ಇದಕ್ಕೇ.

‘ಒಂದೇ ಒಂದು, ಮಗು ಜೊತೆ’ ಅಂತ ಮಾವ ಅಂಗಲಾಚಿದ.

‘ಅದು ದೊಡ್ಡದಾದ ಮೇಲೆ ನೋಡಿ, ಈ ಸೊಟ್ಟ ಮೂತಿ ಯಾರದು ಅಂತ ಕೇಳಬೇಕಾ? ಸುಮ್ನಿರಿ’ ಅಂದಳು ಅತ್ತೆ.

ಸುಮ್ಮನಿರುವ ಜಾಯಮಾನ ಮಾವನದಲ್ಲ. ಅವಳಿಗೆ ಹೆದರಿಕೆ ಕ್ಯಾಮೆರಾ ಕಣ್ಣಿಗೇರುವುದರ ಬಗ್ಗೆ ತಾನೇ? ಕಣ್ಣಿಗೆ ಏರಿಸದಿದ್ದರೆ? ಹಿಂದಿನವರು ಕ್ಯಾಮೆರಾನ ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ ಮೇಲಿನಿಂದ ಗಾಜಿನೊಳಗೆ ನೋಡಿ ಫೋಟೋ ತೆಗೆಯುತ್ತಿದ್ದರು. ಅಂಥದ್ದೊಂದು ನೋಟದ ಡಬ್ಬ ತಾನೇ ಮಾಡಿ ತನ್ನ ಕ್ಯಾಮೆರಾದ ನೆತ್ತಿಗೆ ಕೂರಿಸಿದರೆ ಅವಳಿಗೆ ಗೊತ್ತೇ ಆಗುವುದಿಲ್ಲ ಅಂದುಕೊಂಡ. ಕಳ್ಳ ಉಪಾಯ. ಅವನಿಗೂ ಅದು ಗೊತ್ತಿತ್ತು, ಗೊತ್ತಿಲ್ಲದವನ ಹಾಗೆ ಶುರುಮಾಡಿದ.

ರಟ್ಟಿನ ಡಬ್ಬ, ಮುಂದೊಂದು ಪುಟ್ಟ ಲೆನ್ಸು, ಒಳಗೆ ಓರೆಯಾಗಿ ಒಂದು ಕನ್ನಡಿ, ಮೇಲೆ ಮಸುಕು ಗಾಜು. ಕೇಳೋಕೆ ಇಷ್ಟೇ. ಮಾಡೋಕೆ ಕೂತಾಗ ಗೊತ್ತಾಗುತ್ತೆ ಪಡಿಪಾಟಲು! ಮೊದಲು ಕೈಗನ್ನಡಿ ಒಡೆದು ಚೂರು ಹಾಕಿದ. ಎಲ್ಲ ಎರಡೆರಡು ಕಂಡಿತು, ಸ್ಟೂಲಿನ ಮೇಲೊಂದು ಸ್ಟೂಲಿನ ದೆವ್ವ. ಲೆನ್ಸು ಸರಿಯಿಲ್ಲ ಅಂತ ಲೆನ್ಸನ್ನು ಬೈದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ತಪ್ಪು ಕನ್ನಡಿಯದು. ಮಾಮೂಲಿ ಕನ್ನಡಿಗೆ ಬೆಳ್ಳಿ ಲೇಪ ಹಿಂದುಗಡೆ, ಗಾಜು ಒಂದು ಬಿಂಬ ಕೊಟ್ಟರೆ ಲೇಪ ಇನ್ನೊಂದು ಕೊಡುತ್ತದೆ. ಕೊನೆಗೆ ಗುಜರಿಯಲ್ಲಿ ಬಿದ್ದಿದ್ದ ಜೆರಾಕ್ಸ್ ಮಿಷನ್ನಿನ ಹೊಟ್ಟೆ ಬಗೆದು, ಮೇಲುಗಡೆಯೇ ಲೇಪ ಇರುವ ಕನ್ನಡಿ ಕಿತ್ತು ತಂದ. ಮೆಕ್ಯಾನಿಕ್‌ನ ಹತ್ತಿರ ಎಂಜಿನ್ ವಾಲ್ವ್ ಉಜ್ಜುವ ತರಿತರಿ ಪೇಸ್ಟ್ ಇಸಕೊಂಡು, ಗಾಜಿನ ಮೇಲೆ ಗಾಜಿಟ್ಟು ಸುತ್ತಿ ಸುತ್ತಿ ಉಜ್ಜಿ ಮಸುಕು ಮಾಡಿದ. ಒಳಗೆಲ್ಲ ಕಪ್ಪು ಬಣ್ಣ ಬಳಿದ. ಬಣ್ಣ ಅಂಗಿಗೂ ಆಯಿತು, ಮೂಗಿಗೂ ಆಯಿತು, ಎಷ್ಟು ಉಜ್ಜಿದರೂ ಹೋಗಲಿಲ್ಲ.

‘ಏನದು?’ ಅಂತ ಅತ್ತೆ ಕೇಳಿದರೆ, ‘ಕತ್ತು ನೋವು ಕಣೇ, ಬಗ್ಗಿ ನೋಡೋಕೆ’ ಅಂದ. ಸುಳ್ಳು ಹೇಳುವಾಗ ಅವನು ಕಿವಿ ಕೆರೆದುಕೊಳ್ಳುತ್ತಾನೆ. ಅತ್ತೆ ಅದನ್ನು ನೋಡಿದಳು.

ಒಂದು ಮಧ್ಯಾಹ್ನ ಮಹಡಿಯ ಕೋಣೆಯಲ್ಲಿ ಕಿಟಕಿಯ ಬೆಳಕು ಚೆನ್ನಾಗಿತ್ತು. ಅತ್ತೆ ಚಾಪೆಯ ಮೇಲೆ ಬಟ್ಟೆ ಮಡಚುತ್ತಿದ್ದಳು, ಮಗು ಅಂಬೆಗಾಲಿಡುತ್ತಿತ್ತು. ಮಾವ ಕ್ಯಾಮೆರಾನ ಹೊಟ್ಟೆಗೆ ಒತ್ತಿಕೊಂಡು ಬಗ್ಗಿದ. ಆ ಗಾಜಿನಲ್ಲಿ ಎಡ ಬಲ ಅದಲು ಬದಲು. ಮಗು ಎಡಕ್ಕೆ ಹೊರಟರೆ ಗಾಜಿನಲ್ಲಿ ಬಲಕ್ಕೆ. ಮಾವ ಬಲಕ್ಕೆ ತಿರುಗಿದ, ಮಗು ಮಾಯ. ಇನ್ನೂ ಬಲಕ್ಕೆ ಹೋದ, ಧಡಾರ್ ಅಂತ ಬಾಗಿಲಿಗೆ ಹಣೆ ಬಡಿಯಿತು.

ಅತ್ತೆ ಬಿದ್ದು ಬಿದ್ದು ನಕ್ಕಳು. ‘ಅಲುಗಾಡಬೇಡಿ ಅನ್ನೋರೇ ಹೀಗೆ ಅಲುಗಾಡಿದ್ರೆ ಹೇಗ್ರೀ!’ ಅಂದಳು. ಮಾವನೂ ಹಣೆ ಉಜ್ಜಿಕೊಳ್ಳುತ್ತ ನಕ್ಕ. ಅಜ್ಜಿ ನಕ್ಕಿದ್ದಕ್ಕೆ ಮಗುವೂ ಕೇಕೆ ಹಾಕಿ ಬಂದು ಅವಳ ಮಡಿಲೇರಿತು. ಎರಡು ತೋಳೂ ಮಗುವಿನ ಸುತ್ತ ಇದ್ದವು. ಕೆನ್ನೆ ಬಯಲಾಗಿತ್ತು.

ಗಾಜಿನಲ್ಲಿ ಇಬ್ಬರೂ ತುಂಬಿಕೊಂಡು ಬಂದರು. ಬೆರಳು ಗುಂಡಿಯ ಮೇಲೇ ಇತ್ತು. ಒತ್ತಿದ್ದರೆ ಮುಗಿಯುತ್ತಿತ್ತು.

ಆದರೆ ಅವನು ಅವಳ ಮುಖ ನೋಡುತ್ತ ನಿಂತುಬಿಟ್ಟ. ಎದುರು ನಿಂತವರಿಗೆ ಅವಳ ಸೋತ ಕೆನ್ನೆ ಬಲಗಡೆ ಕಾಣುತ್ತದೆ. ಗಾಜಿನಲ್ಲಿ ಅದು ಎಡಗಡೆ ಇತ್ತು. ದಿನಾ ಬೆಳಿಗ್ಗೆ ಕನ್ನಡಿ ಮುಂದೆ ಒಬ್ಬಳೇ ನಿಂತಾಗ ಅವಳಿಗೆ ಕಾಣುವ ಮುಖ ಇದೇ ಅಂತ ಅವನಿಗೆ ಆಗ ಹೊಳೆಯಿತು. ಅದನ್ನು ಅವನು ಒಂದು ದಿನವೂ ನೋಡಿರಲಿಲ್ಲ. ಅವಳು ಇದನ್ನು ಒಬ್ಬಳೇ ನೋಡಿಕೊಂಡು ಸಹಿಸಿದ್ದಾಳೆ, ತಾನು ಅದನ್ನು ಕದಿಯೋಕೆ ಡಬ್ಬ ಕಟ್ಟಿಕೊಂಡು ಬಂದಿದ್ದೇನೆ. ಅವನಿಗೆ ನಾಚಿಕೆಯಾಯಿತು.

ಬೆರಳು ತೆಗೆದ. ‘ಕತ್ತು ನೋವಿಲ್ಲ ಕಣೇ. ನಿನಗೆ ಗೊತ್ತಾಗದ ಹಾಗೆ ನಿನ್ನ ಫೋಟೋ ತೆಗೆಯೋಕೆ ಮಾಡಿದ್ದು ಇದು. ತೆಗೆದಿಲ್ಲ’ ಅಂದ.

‘ಬೆಕ್ಕು ಕಣ್ಮುಚ್ಚಿ ಹಾಲು ಕುಡಿದ್ರೆ ಯಾರಿಗೂ ಕಾಣಲ್ವಾ? ಕಿವಿ ಕೆರ್ಕೊಂಡಾಗಲೇ ಗೊತ್ತಾಗಿತ್ತು ನಂಗೆ’ ಅಂದಳು ಅತ್ತೆ. ದನಿಯಲ್ಲಿ ಕೋಪ ಇತ್ತು. ಕೈ ಕೆನ್ನೆಯ ಕಡೆ ಎದ್ದಿತು, ಮಗು ಬೆರಳು ಹಿಡಿದೆಳೆಯಿತು.

ಆಮೇಲೆ ಅವಳೇ ಕೇಳಿದಳು: ‘ಗೊತ್ತಾದ್ಮೇಲೂ ನಾನ್ಯಾಕೆ ಎದ್ದು ಹೋಗ್ಲಿಲ್ಲ ಹೇಳಿ?’

ಮಾವನ ಕೈ ಕಿವಿಯ ಕಡೆ ಹೋಗಿ ವಾಪಸು ಬಂತು.

‘ಆ ಕಬ್ಬಿಣದ ಮುಸುಡಿ ಕಣ್ಣಿಗೆ ಇಟ್ಕೊಂಡ್ರೆ ನಿಮ್ಮ ಮುಖ ನಂಗೆ ಕಾಣ್ತಿರಲಿಲ್ಲ. ನನ್ನ ನೋಡಿ ನೀವು ಮರುಗ್ತೀರೋ, ಅಸಹ್ಯ ಪಡ್ತೀರೋ, ಯಾರಿಗ್ಗೊತ್ತು? ಇವತ್ತು ಕಾಣ್ತಿತ್ತು. ಹಣೆ ಚಚ್ಚಿಕೊಂಡು, ಮೂಗಿಗೆ ಮಸಿ ಮೆತ್ತಿಕೊಂಡು ಮಗು ಥರ ನಗ್ತಿದ್ರಿ.’ ಅವಳು ಮಗುವನ್ನು ಸರಿಯಾಗಿ ಕೂರಿಸಿಕೊಂಡಳು. ‘ತೆಗೀರಿ. ಆದ್ರೆ ಒತ್ತೋವಾಗ ಬಗ್ಗಬೇಡಿ. ತಲೆ ಎತ್ತಿ ನನ್ನೇ ನೋಡಿ.’

ಮಾವ ಗಾಜಿನಲ್ಲಿ ಹೊಂದಿಸಿದ, ತಲೆ ಎತ್ತಿದ, ಅವಳನ್ನು ನೋಡಿದ. ಅವನ ಕಣ್ಣು ಮಂಜಾಯಿತು. ಒತ್ತಿದ.

ಸಂಜೆ ಕತ್ತಲೆಕೋಣೆಯಲ್ಲಿ ಕಾಗದದ ಮೇಲೆ ಅವರಿಬ್ಬರೂ ಮೂಡಿದಾಗ ಅವನು ‘ಅಯ್ಯಯ್ಯೋ!’ ಅಂದ. ಡಬ್ಬ ಕೂತಿದ್ದು ಕ್ಯಾಮೆರಾದ ಲೆನ್ಸಿಗಿಂತ ಮೇಲೆ, ಡಬ್ಬಕ್ಕೆ ಕಂಡಷ್ಟು ಎತ್ತರ ಆ ಲೆನ್ಸಿಗೆ ಕಂಡಿರಲಿಲ್ಲ. ಹತ್ತಿರದಿಂದ ತೆಗೆಯುವಾಗ ಕ್ಯಾಮೆರಾನ ಚೂರು ಮೇಲೆತ್ತಬೇಕಿತ್ತು, ಅವಳನ್ನು ನೋಡುತ್ತ ಮರೆತಿದ್ದ. ಅತ್ತೆಯ ತಲೆ ಹಣೆಯ ಅರ್ಧಕ್ಕೆ ಕತ್ತರಿಸಿಹೋಗಿತ್ತು. ಇಡೀ ಬೀದಿಯ ತಲೆಗಳನ್ನು ಚೌಕಟ್ಟಿನೊಳಗೆ ಕೂರಿಸಿದವನು ಕಟ್ಟಿಕೊಂಡವಳ ತಲೆ ಹಾರಿಸಿದ್ದ. ಆದರೆ ಕೆಳಗಡೆ ಎಲ್ಲ ಇತ್ತು: ಚಿಕ್ಕ ಕಣ್ಣು, ಇಳಿದ ತುಟಿ, ಮಗುವಿನ ಕೆನ್ನೆಗೊತ್ತಿದ ಕೆನ್ನೆ, ತುಂಬಿದ ನಗು.

‘ನಾಳೆ ಇನ್ನೊಂದು ತೆಗೀತೀನಿ’ ಅಂತ ಹೆದರುತ್ತ ಅವಳ ಕೈಗೆ ಕೊಟ್ಟ.

ಅತ್ತೆ ಬಹಳ ಹೊತ್ತು ನೋಡಿದಳು. ‘ಬೇಡ. ಇದೇ ಇರಲಿ’ ಅಂದಳು.

ಮರುದಿನ ಬೆಳಿಗ್ಗೆ ಮಾವ ಸ್ಟುಡಿಯೋ ಬಾಗಿಲು ತೆಗೆಯುವಾಗ ಅತ್ತೆ ಮಹಡಿ ಇಳಿದು ಬಂದಳು. ಬೀದಿಗೆ ಕಾಣುವ ಗೋಡೆಯ ಮೇಲೆ, ಎಲ್ಲ ಫೋಟೋಗಳ ನಡುವೆ, ಆ ಫೋಟೋಗೆ ಜಾಗ ಅವಳೇ ಆರಿಸಿದಳು. ಆಚೆ ಹೋಗುವ ಜನ ನಿಂತು ನೋಡುತ್ತಿದ್ದರು. ಅವಳ ಒಂದು ಕೈಯಲ್ಲಿ ಮೊಳೆ, ಒಂದು ಕೈಯಲ್ಲಿ ಸುತ್ತಿಗೆ. ಕೆನ್ನೆ ಮುಚ್ಚಿಕೊಳ್ಳಲು ಮೂರನೇ ಕೈ ಇರಲಿಲ್ಲ.