ಮೀಟರ್ ಕೆಟ್ಟಿದೆ ಎಂದ ಕಾಕಾ

ಓದುವ ಎಲ್ಲರಿಗೂ ಶರಣು. ಮೀಸೆ ಬಂದ ಮೇಲೆ ಅಕ್ಷರ ಕಲಿತವನು ನಾನು, ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದೇನೆ. ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಪಕ್ಕದ ಮನೆಯ ಕಾಕಾ ಅವರ ಕುತ್ತಿಗೆ ಸದಾ ಮುಂದಕ್ಕೆ ಬಾಗಿರುತ್ತಿತ್ತು, ಬಾವಿಗೆ ಬಿದ್ದ ಕೊಡ ಹುಡುಕುವವರ ಹಾಗೆ. ದೂರದ ಊರಿನ ಸಂಶೋಧನಾ ಅಣುಸ್ಥಾವರವೊಂದರಲ್ಲಿ ಅಧಿಕಾರಿಯಾಗಿದ್ದವರು. ಆಳವಾದ ನೀರಿನ ಕೊಳದಲ್ಲಿ ಇಳಿಬಿಟ್ಟ ಇಂಧನ ಸರಳುಗಳನ್ನು ಮೇಲಿನಿಂದ ಬಗ್ಗಿ ನೋಡಿ ನೋಡಿ ಹಾಗಾಗಿತ್ತಂತೆ. ನಿವೃತ್ತರಾಗಿ ರಾಮದುರ್ಗಕ್ಕೆ ಬಂದ ಮೇಲೆ ನನಗೆ ಹತ್ತನೇ ತರಗತಿ ಪಾಸು ಮಾಡಿಸಿದವರು ಅವರೇ.

ನನ್ನದು ಪಂಕ್ಚರ್ ಅಂಗಡಿ. ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುವಾಗ ಬಂದು ನಿಲ್ಲುತ್ತಿದ್ದರು.

"ನಮ್ದೂ ಇದ ಧಂದೆ ಇತ್ತು ತಮ್ಮಾ. ಸರಳಿನ ಮ್ಯಾಲಿನ ತಗಡು ತೂತು ಬಿದ್ರ ಒಳಗಿನ ವಿಷ ನೀರಿಗಿ ಬರತೈತಿ. ಗುಳ್ಳಿ ಕಾಣಂಗಿಲ್ಲ, ವಿಕಿರಣ ಅಳಿಯೋ ಮೀಟರಿನ ಮುಳ್ಳು ಏರತೈತಿ."

"ಯಾವಾಗರ ಏರಿತ್ತೇನ್ರಿ ಕಾಕಾ?"

"ಏರಿತ್ತು. ಮೀಟರ್ ಕೆಟ್ಟೈತಿ ಅಂತ ನಾನ ಹೊಸಾದು ಹಾಕಿಸಿದೆ. ಅದೂ ಏರಿತು. ಅದೂ ಕೆಟ್ಟೈತಿ ಅಂದೆ."

ನಾನು ನಕ್ಕೆ.

"ನಗಬ್ಯಾಡ. ಜ್ವರಾ ಬಂದದ್ದಕ್ಕ ಥರ್ಮಾಮೀಟರಿಗೆ ಬೈದಂಗ ಆತದು."

ಕಡೆಗೆ ಸ್ಥಾವರ ನಿಲ್ಲಿಸಿ ಒಂದೊಂದೇ ಸರಳನ್ನು ಪರೀಕ್ಷಿಸಿದಾಗ ಒಂದರ ತಗಡು ಸವೆದು ತೂತಾಗಿತ್ತು. ಕೊಳದ ನೀರಿನ ಶುದ್ಧಿಯ ಬಗ್ಗೆ ಅಲ್ಲಿಯವರು ಅಸಡ್ಡೆ ಮಾಡಿದ್ದರಿಂದ ಹಾಗಾಗಿತ್ತಂತೆ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಆದರೆ ಮೊದಲೇ "ಸರಳು ಸೋರುತ್ತಿರಬಹುದು" ಎಂದಿದ್ದ ಕೈಕೆಳಗಿನವನನ್ನು ಮೇಲಧಿಕಾರಿಗಳು ಬೇರೆಡೆಗೆ ಎತ್ತಿ ಹಾಕಿದರು. ಕಾಕಾ ಅವರಿಗೆ ಬಡ್ತಿ ಸಿಕ್ಕಿತು.

"ಅವತ್ತಿಂದ ಸಣ್ಣ ತಪ್ಪಿನ ಸುದ್ದಿನೂ ಹೇಳಾವ್ರ ಇಲ್ಲದಂಗಾತು. ತೂತಿಗಿಂತ ಅದು ಕೆಟ್ಟದ್ದು," ಎನ್ನುತ್ತಿದ್ದರು.

ಈ ತಪ್ಪನ್ನು ನಾಲ್ಕು ಜನರ ಮುಂದೆ ಹೇಳಬೇಕು, ಕೇಳಿದವರು ಕಲಿಯಬೇಕು ಎಂಬುದೊಂದೇ ಅವರ ಹಟ. ಶಾಲೆಯೊಂದು ವಿಜ್ಞಾನದ ಕಾರ್ಯಕ್ರಮಕ್ಕೆ ಕರೆದಾಗ ಇದನ್ನೇ ಶುರು ಮಾಡಿದರು. ಮುಖ್ಯಗುರುಗಳು ಭಾಷಣದ ನಡುವೆಯೇ ಎದ್ದು ಬಂದು ಶಾಲು ಹೊದಿಸಿಬಿಟ್ಟರು. "ಸಾಧನಾ ಹೇಳ್ರಿ ಅಂದ್ರ ಸೋರಿದ್ದು ಹೇಳಾಕ ಹತ್ತೀರಲ್ರಿ!"

ಮನೆಗೆ ಬರುವ ದಾರಿಯಲ್ಲಿ ಕಾಕಾ ಹೇಳಿದರು: "ಶಾಲು ಹೊಚ್ಚಿ ಬಾಯಿ ಮುಚ್ಚಸೂದು ನಮ್ಮ ಮಂದಿ ಕಡೆ ಕಲೀಬೇಕು ತಮ್ಮಾ."

ಹಾಸಿಗೆ ಹಿಡಿದಾಗ ನನ್ನ ಕೈ ಹಿಡಿದುಕೊಂಡರು. "ನಾ ಹ್ವಾದ ಮ್ಯಾಲ ಎಲ್ಲಾರೂ ಹೊಗಳ್ತಾರ. ನೀ ಅದೊಂದು ಹೇಳ."

ತೀರಿಕೊಂಡ ಮೇಲೆ ಮಠದಲ್ಲಿ ನುಡಿನಮನ ಇಟ್ಟರು. ಹಿರಿಯರೊಬ್ಬರು ಮೈಕಿನಲ್ಲಿ, "ಅಷ್ಟು ವರ್ಷದ ಸೇವಾದಾಗ ಅವರ ಕೈಲೆ ಒಂದ ತಪ್ಪೂ ಆಗಲಿಲ್ಲ" ಎಂದರು. ನಾನು ಎದ್ದು ಹೋಗಿ ಮೈಕು ಹಿಡಿದೆ.

"ಆಗಿತ್ರಿ. ಅವರ ನನಗ ಹೇಳ್ಯಾರ. ಮೀಟರಿನ ಮುಳ್ಳು ಏರಿದಾಗ..."

ಕಾಕಾ ಅವರ ಮಗ ರಟ್ಟೆ ಹಿಡಿದ. "ಸತ್ತವರ ತಪ್ಪು ಎತ್ತತಿಯೇನೋ? ನಾಚಿಕಿ ಬರಂಗಿಲ್ಲ?"

"ಅವರಿಗೆ ಅದ ಬೇಕಾಗಿತ್ತಪಾ!"

ಯಾರೋ ಮೈಕು ಬಂದ್ ಮಾಡಿದರು. ನಾನಿನ್ನೂ ಮಾತಾಡುತ್ತಲೇ ಇದ್ದೆ. ಎಲ್ಲರೂ ಎದ್ದು ನಿಂತು, ತಲೆ ತಗ್ಗಿಸಿ, ಮೌನ ಆಚರಿಸಿದರು.

ಅದಕ್ಕೇ ಇಲ್ಲಿ ಬರೆದೆ. ತಮ್ಮ ತಪ್ಪನ್ನು ತಾವೇ ಹೇಳಹೋಗಿ ಯಾರಿಗೂ ಬೇಡವಾದವರು ನಿಮ್ಮ ಕಡೆಯೂ ಇದ್ದರೆ, ದಯವಿಟ್ಟು ಅವರ ಮಾತನ್ನೂ ಬರೆಯಿರಿ.