ಕೆನ್ನೆಗೆ ಒತ್ತಿದ ಬಳೆ

ಜೈಬೂ ಆಪಾ ಅವರ ಎಡಗೆನ್ನೆಯ ಮೇಲೆ ಸದಾ ಬಿಲ್ಲಿನಂಥ ಒಂದು ಕೆಂಪು ಗುರುತು. ಶಿವಾಜಿನಗರದ ಸಂದಿಯೊಂದರಲ್ಲಿ ಕೆಂಡದ ಸಿಗಡಿ ಮುಂದಿಟ್ಟುಕೊಂಡು ಅರಗಿನ ಬಳೆ ಮಾಡುತ್ತಿದ್ದ ಅವರು, ಗಿರಾಕಿಗೆ ತೊಡಿಸುವ ಮುನ್ನ ಪ್ರತಿ ಬಳೆಯನ್ನೂ ಬಿಸಿ ಆರಿದೆಯೇ ಎಂದು ತಮ್ಮ ಕೆನ್ನೆಗೆ ಒತ್ತಿ ನೋಡುತ್ತಿದ್ದರು. "ಕೈಗೇನು ಗೊತ್ತಾಗುತ್ತೆ? ಸುಟ್ಟೂ ಸುಟ್ಟೂ ಕಲ್ಲಾಗಿದೆ."

ಅರಗಿನ ಮೇಲಿದ್ದ ತಾಳ್ಮೆಯಲ್ಲಿ ಕಾಲುಭಾಗವೂ ಅವರಿಗೆ ಮನುಷ್ಯರ ಮೇಲಿರಲಿಲ್ಲ. ಬೇಗ ಕೊಡಿ ಎಂದವರ ಕೈಗೆ ತಣ್ಣನೆಯ ಅರಗಿನ ಕಡ್ಡಿಯಿಟ್ಟು, "ತಗೋ, ನೀನೇ ಬಗ್ಸು" ಎನ್ನುತ್ತಿದ್ದರು. ಅದು ಜಪ್ಪಯ್ಯ ಎಂದರೂ ಬಗ್ಗದು. ಕೆಂಡದ ಮೇಲೆ ಸ್ವಲ್ಪ ತಿರುಗಿಸಿದರೆ ಅದೇ ಕಡ್ಡಿ ಚಪಾತಿ ಹಿಟ್ಟಿನ ಹಾಗೆ ಅವರು ಹೇಳಿದಂತೆ ಕೇಳುತ್ತಿತ್ತು.

ನನ್ನ ಅಮ್ಮ ಸ್ಕೂಟರಿನಿಂದ ಬಿದ್ದು ಮುಂಗೈ ಮುರಿದುಕೊಂಡಿದ್ದರು. ಮೂಳೆಯೇನೋ ಕೂಡಿತು, ಆದರೆ ಅಂಗೈ ಮಡಚಲಾಗದೆ ಗಾಜಿನ ಬಳೆ ಏರುತ್ತಿರಲಿಲ್ಲ. ನನ್ನ ತಂಗಿಯ ಮದುವೆಗೆಂದು ಆಪಾ ಕೈ ಮಡಚದೆಯೇ ಏರುವಷ್ಟು ಅಗಲವಾದ ಹಸಿರು ಅರಗಿನ ಬಳೆಗಳನ್ನು ಮಾಡಿಕೊಟ್ಟು, "ಬಿಸಿಲಲ್ಲಿ ಇಡ್ಬೇಡಿ, ಮೆತ್ತಗಾಗುತ್ತೆ" ಎಂದರು. ಅಷ್ಟೇ ಸಾಕಾಯಿತು. ರಾಮಮೂರ್ತಿ ನಗರದ ನಮ್ಮ ಮೇಲ್ಮಹಡಿಯ ಏಪ್ರಿಲ್ ಸೆಖೆಗೆ ಹೆದರಿ ಅಮ್ಮ ಅವನ್ನು ಫ್ರೀಜರಿನಲ್ಲಿ ಅವರೆಕಾಳಿನ ಪಕ್ಕ ಇಟ್ಟರು.

ಮದುವೆಯ ಬೆಳಿಗ್ಗೆ ಐಸ್ ಸಮೇತ ಹಲಸೂರಿನ ಛತ್ರಕ್ಕೆ ತಂದು ಕೈಗೆ ತುರುಕಿದರು. ಪಟ್! ಒಂದಾದ ಮೇಲೊಂದು ಮುರಿದವು. ಅಮ್ಮ ಕುಸಿದು ಕೂತರು. "ಬರೀ ಕೈಲಿ ನಾನು ಧಾರೆ ಎರೆಯಲ್ಲ. ನಿಮ್ಮ ಚಿಕ್ಕಮ್ಮಂಗೆ ಎರೆಯೋಕೆ ಹೇಳು." ಸಿಂಗರಿಸಿಕೊಂಡಿದ್ದ ತಂಗಿ ಗೊಳೋ ಎಂದು ಅಳತೊಡಗಿದಳು.

ನಾನು ಆಟೋ ಹಿಡಿದು ಓಡಿದೆ. ಸಿಗಡಿ, ಇದ್ದಿಲ ಚೀಲದೊಂದಿಗೆ ಬಂದಿಳಿದ ಆಪಾ ಆ ಚೂರುಗಳನ್ನು ಮುಟ್ಟಿ ನೋಡಿ ಬಿದ್ದು ಬಿದ್ದು ನಕ್ಕರು. "ಅಮ್ಮಾ, ಇದೇನು ಕುಲ್ಫಿನಾ? ಬಿಸಿಲಿಗೆ ಮೆತ್ತಗಾಗುತ್ತೆ ಅಂದೆ. ಚಳಿಗೆ ಮುರಿಯಲ್ಲ ಅಂದ್ನಾ?" ಅಷ್ಟು ಕೋಪದಲ್ಲೂ ಅಮ್ಮನಿಗೆ ನಗು ಬಂದುಬಿಟ್ಟಿತು. ಆಪಾ ಅಮ್ಮನ ಮಣಿಕಟ್ಟಿಗೆ ಒದ್ದೆ ಬಟ್ಟೆ ಸುತ್ತಿ, ಚೂರುಗಳನ್ನು ಕಾಯಿಸಿ ಕಡ್ಡಿ ಮಾಡಿ, ಕೆನ್ನೆಗೆ ಒತ್ತಿ ನೋಡಿ, ಅಮ್ಮನ ಕೈಯ ಸುತ್ತಲೇ ಬಳೆ ಬಗ್ಗಿಸಿ ತುದಿ ಕೂಡಿಸಿದರು.

"ಮುಹೂರ್ತ ಮೀರ್ತಿದೆ, ಹುಡುಗಿ ತಾಯಿ ಎಲ್ಲಿ?" ಹೊರಗಿನಿಂದ ಪುರೋಹಿತರು ಕೂಗಿದರು.

"ಜರಾ ಸಬರ್, ಸ್ವಲ್ಪ ತಾಳಿ ಸ್ವಾಮಿ! ಅರಗು ಆರ್ಬೇಕು!" ಎಂದು ಆಪಾ ಒಳಗಿನಿಂದ ಕೂಗಿದ್ದಕ್ಕೆ ಛತ್ರವೇ ನಕ್ಕಿತು. ಅಮ್ಮ ಕೈತುಂಬ ಬಳೆ ತೊಟ್ಟು ಧಾರೆ ಎರೆದರು. ನಾನು ಅಷ್ಟು ಸಂತೋಷಪಟ್ಟ ದಿನ ಇನ್ನೊಂದಿಲ್ಲ.

ಕಳೆದ ವರ್ಷ ಆಪಾ ತೀರಿಕೊಂಡರು. ಆ ಸಂದಿಯಲ್ಲೀಗ ಮೊಬೈಲ್ ಕವರ್ ಮಾರುತ್ತಾರೆ. ಅಮ್ಮ ಬಿಸಿಲಲ್ಲಿ ಹೋಗಿಬಂದರೆ ನೀರು ಕುಡಿಯುವ ಮೊದಲು, ಅಂದಿನಿಂದ ಕೈಯಲ್ಲೇ ಇರುವ ಆ ಬಳೆಯನ್ನು ಕೆನ್ನೆಗೆ ಒತ್ತಿ ನೋಡುತ್ತಾರೆ. ಬಣ್ಣ ಮಾಸಿದೆ, ಬಿಸಿ ಮಾಡಿ ಬಿಡಿಸಿಬಿಡೋಣ ಎಂದು ಮೊನ್ನೆ ತಂಗಿ ಅಂದಳು.

ಅಮ್ಮ ಕೈ ಹಿಂದಕ್ಕೆ ಎಳೆದುಕೊಂಡರು. "ಮುಟ್ಟಿದ್ರೆ ನೋಡು! ಆಪಾ ತೊಡ್ಸಿದ್ದು. ಆಪಾನೇ ಬಂದು ತೆಗೀಲಿ."