ಎರಡು ಪಕ್ಷ, ಒಂದು ಲಗ್ನ

ಗೋಪನಕೊಪ್ಪದ ನಮ್ಮ ಮನೆಯಲ್ಲಿ ಜಗಳ ಹತ್ತಿದಾಗಲೆಲ್ಲ ಗಂಡ ಹೇಳುವುದು ಒಂದೇ ಮಾತು: “ನಾ ಏನ್ ಮಾಡ್ಲಿ? ವಿಲೀನ ಮಾಡ್ಸಿದಾಕಿ ನಿಮ್ಮವ್ವ!” ನನಗೆ ನಗು ತಡೆಯುವುದಿಲ್ಲ. ಜಗಳ ಅಲ್ಲಿಗೇ ಕೆಡುತ್ತದೆ.

ಮದುವೆಗೆ ಮುಂಚೆ ನಾವಿಬ್ಬರೂ ಮಾವೋವಾದಿಗಳು, ಆದರೆ ಬೇರೆ ಬೇರೆ ಭೂಗತ ಪಕ್ಷಗಳ ಬೆಂಬಲಿಗರು. ಧಾರವಾಡದಲ್ಲಿ ಒಂದೇ ಚಾಪೆಯ ಮೇಲೆ ಹಿಡಿಸುತ್ತಿದ್ದ ನಮ್ಮ ಗುಂಪು ನೋಡನೋಡುತ್ತ ಕೋಣೆ ತುಂಬಿ ಹೊರಗಿನ ಕಟ್ಟೆಗೂ ಚೆಲ್ಲಿತ್ತು. ಅವರದೂ ಹಾಗೆಯೇ ಬೆಳೆದಿತ್ತು. ಕ್ರಾಂತಿ ಇನ್ನೇನು ಊರ ಹೊರಗಿನ ನವಲೂರು ದಾಟಿ ಬಂದೇಬಿಟ್ಟಿತು ಎಂದು ನಾನು ನಂಬಿದ್ದೆ. ಆದರೆ ಇನ್ನೊಂದು ಪಕ್ಷದವರ ಜೊತೆ ಚಹಾ ಸಹ ಕುಡಿಯಬಾರದು ಎಂಬುದು ಎರಡೂ ಕಡೆಯ ಕಟ್ಟಪ್ಪಣೆ. ಕೊನೆಗೆ ಮೇಲಿನವರು ಒಂದಾಗುವ ಮಾತುಕತೆ ಶುರುಮಾಡಿದಾಗ, ಸುದ್ದಿ ದಾಟಿಸಲು ನಮ್ಮ ಕಡೆಯಿಂದ ನಾನು ಹೋದೆ, ಅವರ ಕಡೆಯಿಂದ ಲಕಮನಹಳ್ಳಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಈ ನನ್ನ ಗಂಡ ಬಂದ. ಇಬ್ಬರಿಗೂ ಗುಟ್ಟಿನ ಹೆಸರು. ನಿಜ ಹೆಸರು ಕೇಳುವಂತಿರಲಿಲ್ಲ. ಮಾತುಕತೆ ಮುರಿದರೆ ಅವನ ಮುಖವನ್ನೂ ನೋಡುವಂತಿರಲಿಲ್ಲ. ಐಕ್ಯಕ್ಕಾಗಿ ನನ್ನಷ್ಟು ಹಂಬಲಿಸಿದವರು ಯಾರೂ ಇರಲಿಕ್ಕಿಲ್ಲ. ಕಾರಣ ಮಾತ್ರ ಯಾವ ಸಿದ್ಧಾಂತದಲ್ಲೂ ಇರಲಿಲ್ಲ.

ಫೋನಿನಲ್ಲಿ ಪಕ್ಷಕ್ಕೆ ‘ಮನಿ’, ವಿಲೀನಕ್ಕೆ ‘ಲಗ್ನ’ ಅನ್ನಬೇಕೆಂದು ಗೊತ್ತುಮಾಡಿಕೊಂಡಿದ್ದೆವು. ಒಂದು ಮಧ್ಯಾಹ್ನ ಕೇಶ್ವಾಪುರದ ನಮ್ಮ ಮನೆಗೆ ಅವನ ಫೋನು ಬಂತು. ಎತ್ತಿದವಳು ಅವ್ವ.

“ಲಗ್ನ ಕೂಡಿ ಬಂತು ಅಂತ ನಿಮ್ಮ ಮಗಳಿಗೆ ಹೇಳ್ರಿ. ಎರಡೂ ಮನಿಯವರು ಒಪ್ಯಾರ.”

ನನಗೆ ವರ ಹುಡುಕಿ ಸೋತಿದ್ದ ಅವ್ವ ಬಿಡುತ್ತಾಳೆಯೇ? “ಕೊಡೂದು ತಗೊಳ್ಳೂದು ಏನ್ರಿ?”

“ಯಾವ ಕರಾರೂ ಇಲ್ರಿ.”

“ಹೆಸರು ಬದಲಿ ಮಾಡ್ತೀರೇನು?”

ನಮ್ಮ ಕಡೆ ಮದುವೆಯಲ್ಲಿ ಸೊಸೆಗೆ ಹೊಸ ಹೆಸರಿಡುತ್ತಾರೆ. ಅವನು ಪಾಪ, ಪಕ್ಷದ ಹೆಸರೆಂದು ತಿಳಿದ. “ಹೌದ್ರಿ, ಹಳೇದು ಬಿಟ್ಟು ಹೊಸಾದು ಇಡೂದು ಅಂತ ಆಗೇತ್ರಿ.”

“ಹುಡುಗ ಯಾರ್ರಿ?”

ಇದಕ್ಕೆ ನಮ್ಮಲ್ಲಿ ಗುಟ್ಟಿನ ಮಾತೇ ಇರಲಿಲ್ಲ. ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ: “ನಾನ ರೀ.”

ನಾನು ಮನೆ ಮುಟ್ಟುವಷ್ಟರಲ್ಲಿ ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದ್ದಳು. ಹತ್ತಿ ವ್ಯಾಪಾರದ ಅಪ್ಪನಿಗೆ ಜಾತಿ ಕೇಳಬೇಕೆಂದು ನೆನಪಾಗುವ ಹೊತ್ತಿಗೆ ಆ ಸಕ್ಕರೆ ಎಲ್ಲರ ಬಾಯಲ್ಲೂ ಕರಗಿತ್ತು. ನಿಜ ಹೇಳಿದರೆ ಪಕ್ಷ ಬಯಲಾಗುತ್ತದೆ, ಸುಮ್ಮನಿದ್ದರೆ ನನ್ನ ಮದುವೆಯಾಗುತ್ತದೆ. ನಾನು ಪರಮ ಶಿಸ್ತಿನಿಂದ ಸುಮ್ಮನಿದ್ದೆ.

ಸಂಜೆ ಅವನು, ಅವ್ವ ಫೋನಿನಲ್ಲೇ ಕೊಟ್ಟಿದ್ದ ವಿಳಾಸ ಹಿಡಿದು, ತಪ್ಪು ತಿದ್ದಲು ಓಡಿಬಂದ. ಬಾಯಿ ತೆರೆದನೋ ಇಲ್ಲವೋ, ಅವ್ವ ಅದರೊಳಗೆ ಸಕ್ಕರೆ ಹಾಕಿದಳು. ಅಪ್ಪ ಕೇಳಿದರು, “ಹುಡುಗಿಗೆ ಏನಂತ ಹೆಸರು ಇಡಾವ್ರು?”

ಅವನು ನನ್ನತ್ತ ನೋಡಿದ. ನಾನು ಕುಣಿಯುವುದೊಂದು ಬಾಕಿ ಇತ್ತು.

“ಬದಲಿ ಮಾಡೂದು ಬ್ಯಾಡ್ರಿ. ಇದ್ದ ಹೆಸರನ ಭಾಳ ಛಲೋ ಐತ್ರಿ.”

ಆ ಹೆಸರು ಏನೆಂದು ಅವನಿಗೆ ಗೊತ್ತೇ ಇರಲಿಲ್ಲ. ಅಷ್ಟರಲ್ಲಿ ಅವ್ವ, ಚಹಾ ಒಯ್ದು ಕೊಡೆಂದು, ಒಳಗಿನಿಂದ ನನ್ನನ್ನು ಹೆಸರು ಹಿಡಿದು ಕೂಗಿದಳು. ಅವನು ತುಟಿಯಷ್ಟೇ ಅಲುಗಿಸಿ, ಸಪ್ಪಳವಿಲ್ಲದೆ, ಅದನ್ನೊಮ್ಮೆ ಅಂದು ನೋಡಿದ.